ಕೌದಿ ಹೊಟ್ಟ್ಯಾಗ ಏನಿತ್ತು

ನನಗ ಒಂದ ಕೆಟ್ಟ ಚಟ ಐತಿ. ಮಂದಿ ಚೀಲದಾಗ ಏನೈತಿ, ಬಾಜೂ ಮನಿಗೆ ಯಾರ ಬಂದಾರ, ಯಾಕ ಬಂದಾರ, ಯಾವಾಗ ಹೋಗ್ತಾರ, ಇದೆಲ್ಲಾ ತಿಳಕೊಳ್ಳದಿದ್ರ ಉಂಡಿದ್ದು ಕರಗೂದಿಲ್ಲ. "ಊರ ಉಸಾಬರಿ ಎಲ್ಲಾ ನಿನಗ ಯಾಕ ಬೇಕ?" ಅಂತ ನಮ್ಮ ಮನಿಯವರು ಬೈತಾರ. ಬೈದು ಮುಗಿಸಿ, ಮೆಲ್ಲಕ ಬಾಜೂ ಬಂದು ಕೂತು, "ಹೂಂ, ಏನಂತ ಅವರದು?" ಅಂತ ಅವರ ಕೇಳ್ತಾರ. ಮೂವತ್ತ ವರ್ಷದ ಮ್ಯಾಲ ಕನ್ನಡ ಸಾಲ್ಯಾಗ ಕಲಿಸಿದೆ. ರಿಟೈರ್ ಆದರೂ ಊರ ಮಂದಿ ನನ್ನ ಅಕ್ಕೋರ ಅಂತನ ಕರೀತಾರ. ಅಕ್ಕೋರು ಹೇಳಿದ್ರ ಮುಗೀತು, ಅಕ್ಕೋರು ಓದಿದ್ರ ಮತ್ತ ಯಾರೂ ಓದಬೇಕಾಗಿಲ್ಲ. ಆ ಮಾತು ನನಗ ಭಾಳ ರುಚಿ ಹತ್ತಿತ್ತು. ಈಗ ಹೇಳಾಕ ನಾಚಿಕಿ ಬರತೈತಿ.

ಯರಗುಪ್ಪಿ ದಾಟಿ ಸ್ವಲ್ಪ ಮುಂದ, ಎರಿ ಹೊಲದ ನಡಕ ನಮ್ಮೂರು. ನಮ್ಮ ಮನಿಗೆ ಗ್ವಾಡಿ ಹಚ್ಚಿ ಖಾಲಾನ ಮನಿ. ಖಾಲಾ ಅಂದ್ರ ಉರ್ದುದಾಗ ಚಿಗವ್ವ, ಊರ ಮಂದಿ ಎಲ್ಲಾ ಅಕಿನ್ನ ಹಂಗ ಕರೀತಾರ. ಹತ್ತಿ ಹಿಂಜಿ ಗಾದಿ ತುಂಬೂ ಮನೆತನ. ಗಂಡ ತೀರಿಕೊಂಡ ಮ್ಯಾಲ ಗಾದಿ ಅಂಗಡಿ ಮಗ ನೋಡ್ತಾನ. ಖಾಲಾಗ ಎಪ್ಪತ್ತರ ಮ್ಯಾಲ ವಯಸ್ಸು, ಆದ್ರ ಸೂಜಿಗೆ ದಾರ ಇವತ್ತಿಗೂ ತಾನ ಪೋಣಿಸ್ತಾಳ. ಕೌದಿ ಹೊಲಿಯೂದ್ರಾಗ ಊರಾಗ ಅಕಿ ಸರಿ ಯಾರಿಲ್ಲ.

ಕೌದಿ ಅಂದ್ರ ಗೊತ್ತಿಲ್ಲದವರಿಗೆ ಹೇಳ್ತೀನಿ. ಹಳೇ ಸೀರಿ, ಧೋತರ, ಹರದ ಅಂಗಿ ಪದರ ಪದರ ಹಾಸಿ, ಮ್ಯಾಲ ಬಣ್ಣದ ತುಂಡು ಕೂಡಿಸಿ, ಒತ್ತೊತ್ತಾಗಿ ಕೈಲೆ ಹೊಲಿಯೂ ಹೊದಿಕಿ. ಹೊಲದು ಮುಗಿಯೂ ಹೊತ್ತಿಗೆ ಒಂದ ಮೂಲಿ ಬಿಟ್ಟಿರ್ತಾರ. ಆ ಮೂಲ್ಯಾಗ ಒಂದ ಚೂರು ರೊಟ್ಟಿ ಇಟ್ಟು ಬಾಯಿ ಮುಚ್ಚತಾರ. ಕೌದಿ ಹೊಟ್ಟಿ ತುಂಬಸೂದು ಅಂತಾರ ಅದಕ್ಕ. ಹಸದ ಕೌದಿ ಹೊದ್ದವರಿಗೂ ಹಸಿವಿ ಬಿಡೂದಿಲ್ಲಂತ.

ಖಾಲಾನ ಮನ್ಯಾಗ ಒಂದ ಕೌದಿ ಇತ್ತು. ಇಪ್ಪತ್ತ ಇಪ್ಪತ್ತೆರಡ ವರ್ಷದ ಹಿಂದ, ಮೊಮ್ಮಗಳು ಹುಟ್ಟೂ ಮುಂದ ಹೊಲದಿದ್ದು. ಅಕಿ ಹಿಂದ ಹುಟ್ಟಿದ ಎಲ್ಲಾ ಕೂಸುಗಳೂ ತೊಟ್ಟಲಕ್ಕ ಹಾಕೂ ದಿನ ಅದರ ಮ್ಯಾಲನ ಮಲಗಿದ್ವು. ಅದನ್ನ ಹೊಲಿಯೂ ಮುಂದ ನಾ ಬಾಜೂನ ಕೂತಿದ್ದೆ. ಮೂಲಿ ತುಂಬೂ ಹೊತ್ತಿಗೆ ಖಾಲಾ ನನ್ನ ಕಡೆ ಬೆನ್ನ ಮಾಡಿ, ಸೆರಗ ಅಡ್ಡ ಹಿಡಕೊಂಡು, ಏನೋ ಒಂದ ಒಳಗ ಸೇರಿಸಿದ್ಲು. ರೊಟ್ಟಿ ಚೂರು ಕೆಳಗ ತಾಟಿನ್ಯಾಗ ಹಂಗ ಇತ್ತು!

"ಏನಿಟ್ಟೀ ಖಾಲಾ?"

"ಇಟ್ಟೆ ಏನೋ ಒಂದು."

"ಹೇಳ ಮತ್ತ!"

"ಹೇಳಿದ್ರ ಅದರ ಹೊಟ್ಟಿ ಖಾಲಿ ಆಗತೈತ್ರಿ ಅಕ್ಕೋರ," ಅಂತ ನಕ್ಕು, ತಾಟಿನ್ಯಾಗಿನ ರೊಟ್ಟಿ ಚೂರು ಬಾಯಾಗ ಹಾಕ್ಕೊಂಡ್ಲು.

ಅವತ್ತಿನಿಂದ ನಾ ಕೇಳೇ ಕೇಳಿದೆ. ಹಬ್ಬಕ್ಕ ಹೋಳಿಗಿ ಕೊಟ್ಟು ಕೇಳಿದೆ, ಈದಿಗೆ ಶ್ಯಾವಿಗಿ ಸುರಕುಂಬಾ ಕುಡಕೋತ ಕೇಳಿದೆ. ಒಮ್ಮೆ ಕೌದಿ ಬಿಸಲಿಗೆ ಹಾಕಿದ್ದಾಗ ಆ ಮೂಲಿ ಬೆರಳಿಲೆ ಒತ್ತಿನೂ ನೋಡಿದೆ. ಏನೋ ಗಟ್ಟಿ, ಸಣ್ಣಂದು, ಬೆರಳಿನ ತುದಿ ಅಷ್ಟು. ತಾಯತ? ಬಂಗಾರದ ಗುಂಡು? ಮಗನ ಹಾಲಹಲ್ಲು? ಹಿಂಗ ಒಂದ ಮೂಲಿ ಸುತ್ತ ನನ್ನ ತಲಿ ಇಪ್ಪತ್ತ ವರ್ಷ ತಿರಗಿದ್ದು ಖರೇ.

ಇಷ್ಟ ಕೆದಕೂ ನಾನು ಕೆದಕಬೇಕಾದಾಗ ಏನ ಮಾಡಿದೆ ಕೇಳ್ರಿ.

ಹೋದ ಚಳಿಗಾಲದಾಗ ಒಂದ ಬಿಳಿ ವ್ಯಾನ್ ಬಂತು. ಒಬ್ಬಾವ ಗಂಡಸು, ಒಬ್ಬಾಕಿ ಹೆಂಗಸು. ಇಸ್ತ್ರಿ ಅರಬಿ, ಕೊಳ್ಳಾಗ ಫೋಟೋ ಇದ್ದ ಕಾರ್ಡು, ಮಾತು ಅಗದಿ ಪುಸ್ತಕದ ಕನ್ನಡ. ಹಳೇ ಕೌದಿಗಳ ಪ್ರದರ್ಶನ ಮಾಡ್ತೇವಿ, ಹದಿನೈದ ದಿನಕ್ಕ ಒಗದು, ಹರದಲ್ಲಿ ಹೊಲದು, ವಾಪಸ್ ತಂದು ಕೊಡ್ತೇವಿ, ಹೊಲದವರಿಗೆ ಪ್ರಮಾಣಪತ್ರ ಸಿಗತೈತಿ ಅಂದ್ರು. ಊರವರು ಅವರನ್ನ ಸೀದಾ ನಮ್ಮ ಮನಿಗೆ ಕರಕೊಂಡ ಬಂದ್ರು. ಅಕ್ಕೋರು ಮಾತಾಡ್ಲಿ ಅಂತ!

ನಾ ಉಬ್ಬಿ ಹೋದೆ. ಚಹಾ ಮಾಡಿದೆ. ಪ್ರಶ್ನೆ ಮ್ಯಾಲ ಪ್ರಶ್ನೆ ಕೇಳಿದೆ. ಕೌದಿ ಗ್ವಾಡಿಗೆ ಹಾಕ್ತೀರೋ, ನೆಲಕ್ಕ ಹಾಸ್ತೀರೋ? ನೋಡಾಕ ಯಾರ ಬರ್ತಾರ? ಪ್ರಮಾಣಪತ್ರ ಯಾವ ಬಣ್ಣದ್ದು? ನೀವ ಯಾರು, ಯಾರು ಕಳಿಸ್ಯಾರ, ಅಲ್ಲಿಗೆ ಒಂದ ಫೋನ್ ಹಚ್ಚಲೇನು, ಇದೊಂದ ಮಾತ್ರ ಕೇಳಲಿಲ್ಲ. ಅವರು ಒಂದ ಕಾಗದ ಕೊಟ್ರು. ಮ್ಯಾಲ ದೊಡ್ಡ ಅಕ್ಷರದಾಗ ಪ್ರದರ್ಶನದ ಹೆಸರು, ಅದರ ಕೆಳಗ ಸಹಿ ಮಾಡೂ ಜಾಗ. ನಾ ಮ್ಯಾಲಿಂದ ಮ್ಯಾಲ ಕಣ್ಣಾಡಿಸಿ, "ಎಲ್ಲಾ ಸರಿ ಐತಿ," ಅಂದೆ. ಹನ್ನೊಂದ ಮಂದಿ ಹೆಂಗಸರು ಮಡಚಿದ ಕೌದಿ ಬಗಲಾಗ ಇಟ್ಟುಕೊಂಡು ನಮ್ಮ ಕಟ್ಟಿ ಮುಂದ ಪಾಳಿ ಹಚ್ಚಿದ್ರು.

ಖಾಲಾ ಬ್ಯಾರೆ ಒಂದ ಕೌದಿ ತಂದಿದ್ಲು. ನಾನ ಸುಮ್ಮಕಿರಲಿಲ್ಲ.

"ಅಯ್ಯ, ಅದ್ಯಾಕ? ತೊಟ್ಟಲ ಕೌದಿ ಕೊಡು. ಊರ ಹೆಸರ ಉಳೀಬೇಕು."

"ಮೊಮ್ಮಗಳು ಬಾಣಂತನಕ್ಕ ಬರ್ತಾಳ್ರಿ ಅಕ್ಕೋರ. ಅದು ಬೇಕಾಗತೈತಿ."

"ಇನ್ನೂ ಎರಡ ತಿಂಗಳೈತಿ. ಹದಿನೈದ ದಿನಕ್ಕ ಬರತೈತಿ. ನಾ ಅದೀನಲ್ಲ?"

ಅಕಿ ಮನಿಗೆ ಹೋಗಿ ತಂದ್ಲು. ಸಹಿ ಮಾಡೂ ಮುಂದ ಕಾಗದ ಕೈಯಾಗ ಹಿಡದು, ಮೊದಲನೇ ಸಾಲಿನ ಕೆಳಗ ಬೆರಳ ಇಟ್ಲು. ಖಾಲಾ ಓದಾಕ ಕಲತದ್ದು ದೊಡ್ಡಾಕಿ ಆದಮ್ಯಾಲ. ಆವಾಗ ಸಂಜಿ ಮುಂದ ಸಾಲಿ ಪಡಸಾಲ್ಯಾಗ ಹೆಂಗಸರಿಗೆ ಅಕ್ಷರ ಕಲಸೂ ವರ್ಗ ಇತ್ತು, ಕಲಸಾಕಿ ನಾನ ಇದ್ದೆ. ಅದಕ್ಕ ಅಕಿ ಬೆರಳ ಸಾಲಿನ ಕೆಳಗ ಮೆಲ್ಲಕ ಹೋಗತಿತ್ತು. ಪಾಳ್ಯಾಗ ಹಿಂದ ಆರು ಮಂದಿ ನಿಂತಿದ್ರು. ವ್ಯಾನಿನಾವ ಗಡಿಯಾರ ನೋಡಿದ.

"ಓದೂದೇನೈತಿ ಖಾಲಾ, ನಾ ಓದೀನಲ್ಲ? ಸಹಿ ಹಾಕು."

ಅಕಿ ಬೆರಳ ತಗದು ಸಹಿ ಮಾಡಿದ್ಲು.

ಹದಿನೈದ ದಿನ ಹೋತು, ತಿಂಗಳ ಹೋತು. ಫೋನ್ ಹಚ್ಚಿದ್ರ ಆ ನಂಬರ ಇಲ್ಲಂತ. ನನ್ನ ಹತ್ರ ಬಿಟ್ಟುಹೋಗಿದ್ದ ಕಾಗದದ ಪ್ರತಿ ತಗದು, ಚಾಳೀಸ ಹಾಕ್ಕೊಂಡು ಕೂತೆ. ತಿರುವಿ ಹಿಂದ ನೋಡಿದೆ. ಹಿಂದ ಸಾಸಿವಿ ಕಾಳಿನಷ್ಟ ಅಕ್ಷರದಾಗ ಒಂದ ಸಾಲು ಇತ್ತು. ಕೊಟ್ಟ ವಸ್ತು ವಾಪಸ್ ಕೊಡೂ ಹೊಣಿ ನಮ್ಮದಲ್ಲ ಅಂತ. ಅಯ್ಯ ಶಿವನ! ಖಾಲಾನ ಬೆರಳ ಹಂಗ ಮುಂದ ಹೋಗಾಕ ಬಿಟ್ಟಿದ್ರ ಅಕಿ ಕಾಗದ ತಿರುವ್ತಿದ್ಲು. ವರ್ಗದಾಗೂ ಹಾಳಿ ಹಿಂದ ಮುಂದ ನೋಡದ ಬಿಡತಿರಲಿಲ್ಲ. ನಾ ತಲಿ ಮ್ಯಾಲ ಕೈ ಹೊತ್ತು ಕೂತೆ. ಅವತ್ತ ಅಡಗಿ ಮಾಡಲಿಲ್ಲ.

ಯಾರೂ ನನ್ನ ಬೈಲಿಲ್ಲ. ಅದ ದೊಡ್ಡ ಸಂಕಟ. "ಅಕ್ಕೋರಿಗೂ ಟೋಪಿ ಹಾಕ್ಯಾರಂದ್ರ ಭಾಳ ಶಾಣ್ಯಾರ ಇರಬೇಕ ಬಿಡ್ರಿ," ಅಂದ್ರು. ಖಾಲಾ ಅಂತೂ ಕೌದಿ ಮಾತ ಎತ್ತಲಿಲ್ಲ. ಮೊಮ್ಮಗಳು ಗುಡಗೇರಿಯ ಗಂಡನ ಮನಿಯಿಂದ ಬಾಣಂತನಕ್ಕ ಬಂದ್ಲು, ದಿನ ತುಂಬಿದಾಕಿ. ಬಂದ ದಿನ ಟ್ರಂಕ ತಗದು, "ಅಜ್ಜಿ, ನನ್ನ ಕೌದಿ ಎಲ್ಲಿ?" ಅಂತ ಕೇಳಿದ್ದು ಗ್ವಾಡಿ ಈಚಿ ಕಡೆ ನನಗ ಕೇಳಿಸ್ತು. ಖಾಲಾ, "ಒಗ್ಯಾಕ ಹೋಗೈತವ್ವಾ," ಅಂದ್ಲು. ಮೊದಲ ಸಲ, ಬಾಜೂ ಮನಿ ಮಾತು ಯಾಕಾದ್ರೂ ಕೇಳಿಸ್ತೋ ಅನಿಸ್ತು.

ಇನ್ನ ಸುಮ್ಮ ಕೂಡಬಾರದು ಅಂತ ಮೊದಲ ಪೊಲೀಸರಿಗೆ ಅರ್ಜಿ ಕೊಟ್ಟಿವಿ. ಆಮ್ಯಾಲ ಮಹಿಳಾ ಸಂಘದ ಹೆಂಗಸರೆಲ್ಲಾ ನಮ್ಮ ಪಡಸಾಲ್ಯಾಗ ಕೂಡಿದ್ರು. ಒಬ್ಬಾಕಿ, "ವ್ಯಾನಿನ ಹಿಂದಿನ ಕಿಡಕಿ ಕಾಜು ಒಡದಿತ್ತು, ಪ್ಲಾಸ್ಟಿಕ್ ಅಂಟಿಸಿದ್ರು," ಅಂದ್ಲು. ಗಿರಣಿ ನಡಸಾಕಿ, "ಆ ವ್ಯಾನಿನ ಹೆಂಗಸು ಕುಂಕುಮ ಹಚ್ಚಿದ್ದು ಜಿಗಟು ಟಿಕಳಿ ಮ್ಯಾಲ, ನಾ ನೋಡೀನಿ," ಅಂದ್ಲು. ಮತ್ತೊಬ್ಬಾಕಿ, "ಆತ ಚಹಾ ಕಪ್ಪಿನಿಂದ ಬಸಿಗೆ ಸುರಕೊಂಡು ಮೂರ ಸಲ ಊದ್ತಿದ್ದ," ಅಂದ್ಲು. ಅಯ್ಯ, ನನ್ನಕಿಂತ ಕೆದಕೂ ಮಂದಿ ಊರಾಗ ಇದ್ರು, ಬಾಯಿ ಬಿಟ್ಟಿರಲಿಲ್ಲ ಅಷ್ಟ! ಅಕ್ಕೋರ ಮುಂದ ನಾವೇನ ಹೇಳೂದು ಅಂತ ಸುಮ್ಮಕಿದ್ರಂತ.

ಈ ಗುರುತು ಎಲ್ಲಾ ಸೇರಿಸಿ ಸಂಘದ ವಾಟ್ಸಾಪ್ ಗುಂಪಿಗೆ ನನ್ನ ದನಿಯಾಗ ಒಂದ ಸುದ್ದಿ ಬಿಡೂಣು ಅಂತ ಠರಾವಾತು. ಏನ ಹೇಳಬೇಕು? "ನಮ್ಮೂರಿನವರಿಗೆ ಮೋಸ ಆಗೈತಿ" ಅಂತ ಶುರು ಮಾಡಿದೆ. ಅಳಿಸಿದೆ. ಮತ್ತ ಹೇಳಿದೆ, "ನಾ ಒಬ್ಬ ರಿಟೈರ್ಡ್ ಅಕ್ಕೋರು. ಕಾಗದ ತಿರುವಿ ನೋಡದ ಹನ್ನೊಂದ ಮಂದಿ ಕಡಿಂದ ಸಹಿ ಮಾಡಿಸಿದಾಕಿ ನಾನು. ನನ್ನ ನಂಬಿ ಅವರು ಕೌದಿ ಕಳಕೊಂಡಾರ. ನಿಮ್ಮೂರಿಗೆ ಇಂಥಾ ವ್ಯಾನ್ ಬಂದ್ರ, ನಿಮ್ಮೂರ ಅಕ್ಕೋರು ಹೂಂ ಅಂದ್ರೂ ನೀವ ಹೂಂ ಅನಬ್ಯಾಡ್ರಿ." ಕಡೀ ಮಾತು ಅಳಕೋತ ಹೇಳಿದೆ. ಬಾಜೂ ಕೂತಿದ್ದ ಖಾಲಾ ನೀರಿನ ತಂಬಗಿ ಮುಂದ ಸರಿಸಿದ್ಲು.

ಸುದ್ದಿ ಒಂದ ಸಂಘದಿಂದ ಇನ್ನೊಂದ ಸಂಘಕ್ಕ ಹೋತು. ಗುಡಗೇರಿ ಸಂತ್ಯಾಗ ಕಾಯಿಪಲ್ಲೆ ಮಾರೂ ಹೆಂಗಸು, "ಆ ಅಳೂ ಅಕ್ಕೋರು ನೀವ ಏನ್ರಿ?" ಅಂತ ನನ್ನನ್ನ ಕೇಳಿದ್ಲು! ಅಣ್ಣಿಗೇರಿ ಕಡಿಂದ, ನವಲಗುಂದ ಕಡಿಂದ ಫೋನ್ ಬಂದ್ವು. ಅಲ್ಲೆಲ್ಲಾ ಇದ ವ್ಯಾನು, ಇದ ಕಾಗದ. ಮೋಸ ಹೋದವರು ನಾಚಿಕಿಗೆ ಬಾಯಿ ಮುಚ್ಚಿಕೊಂಡಿದ್ರು. ಒಬ್ಬಾಕಿ ಬಾಯಿ ಬಿಟ್ಟಕೂಡ್ಲೆ ಎಲ್ಲಾರೂ ಬಿಟ್ರು.

ಹತ್ತ ದಿನಕ್ಕ ದೇವಿಕೊಪ್ಪದ ಬಾಜೂ ಒಂದ ಹಳ್ಳ್ಯಾಗಿಂದ ಫೋನ್ ಬಂತು. ವ್ಯಾನ್ ಬಂದೈತಿ, ಹಿಂದಿನ ಕಾಜು ಒಡದೈತಿ! ಆ ಊರ ಹೆಂಗಸರು ಪೊಲೀಸರಿಗೂ ಹೇಳಿ ಕಳಿಸಿದ್ರು. ಪೊಲೀಸರು ಬರೂತನಕ ಅವರನ್ನ ಹೆಂಗ ನಿಲ್ಲಿಸೂದು? ಬೈದ್ರ ಓಡ್ತಾರ. ಅದಕ್ಕ ಆ ಪುಣ್ಯಾತಗಿತ್ತ್ಯಾರು ಏನ ಮಾಡಿದ್ರು ಗೊತ್ತೇನು? ಉಪಚಾರ ಮಾಡಿದ್ರು. "ಬರ್ರಿ, ಕೂಡ್ರಿ, ಚಹಾ ಕುಡೀರಿ." ಚಹಾ ಆತು, ಚುರಮರಿ ಗಿರಮಿಟ್ ಬಂತು. ಗಿರಮಿಟ್ ಆತು, ಮಿರ್ಚಿ ಭಜಿ ಬಂತು. "ಹೊಂಡತೇವ್ರಿ" ಅಂದಾಗೊಮ್ಮೆ, "ಹಂಗ ಹೋದ್ರ ನಮಗ ಬ್ಯಾಸರಾಗತೈತ್ರಿ," ಅಂತ ಮತ್ತೊಂದ ತಾಟು. ಆತ ಬಸ್ಯಾಗಿನ ಚಹಾ ಮೂರ ಸಲ ಊದಿದ್ದು ನೋಡಿ, ಒಳಗಿದ್ದಾಕಿ, "ಹೌದ್ರೇ, ಅವರ ಇವರು!" ಅಂದ್ಲಂತ. ನಾಕನೇ ತಾಟಿನ ಹೊತ್ತಿಗೆ ಪೊಲೀಸರ ಜೀಪ ಬಂತು.

ಅಷ್ಟೊತ್ತಿಗೆ ಖಾಲಾನ ಮೊಮ್ಮಗಳು ಗಂಡ ಕೂಸು ಹಡದಿದ್ಲು. ತೊಟ್ಟಲಕ್ಕ ಹಾಕೂ ದಿನ ಗೊತ್ತಾಗಿತ್ತು.

ಆ ಹನ್ನೊಂದ ಮಂದಿ, ಜೋಡಿ ನಾನು, ಒಂದ ಟಂಟಂ ಆಟೋ ಮಾಡಿಕೊಂಡು ಆ ಕಡೆ ಠಾಣೆಗೆ ಹೋದ್ವಿ. ಅಂಗಳದಾಗ ಕೌದಿ ರಾಶಿ, ದೊಡ್ಡ ಪ್ಯಾಟ್ಯಾಗ ಹೆಚ್ಚಿನ ರೊಕ್ಕಕ್ಕ ಮಾರಾಕ ಆ ವ್ಯಾನಿನವರು ಕೂಡಿಸಿಟ್ಟಿದ್ದು. ಬ್ಯಾರೆ ಬ್ಯಾರೆ ಊರಿನ ಹೆಂಗಸರೂ ಬಂದಿದ್ರು. ಪಿಎಸ್‌ಐ ಒಬ್ಬಾಕಿ ಹುಡುಗಿ, ನಮ್ಮ ಸಾಲ್ಯಾಗ ಕಲತವರ ವಯಸ್ಸಿನಾಕಿ. "ಅವರ ಮುಖ ನೀವ ಗುರುತು ಹಿಡದ್ರಿ, ಛೊಲೋ ಆತು. ಯಾವ ಕೌದಿ ಯಾರದು ಅಂತ ಈಗ ಹೇಳಬೇಕಲ್ರಿ," ಅಂದ್ಲು.

ಹೇಳೂದೇನು! ನಮ್ಮೂರ ಹೆಂಗಸರು ರಾಶಿಗೆ ಬಿದ್ರು. "ಇದು ನನ್ನ ಮದವಿ ಸೀರಿ, ಇದು ನಂದ." "ಅಲ್ಲೇ, ನಿನ್ನ ಸೀರಿ ತುಂಡು ನೀನ ನನಗ ಕೊಟ್ಟಿಲ್ಲೇನು? ಇದು ನಂದು." "ಎಲ್ಲೀದು ನಿಂದು? ಇಲ್ನೋಡು ನಮ್ಮ ಮಾವನ ಅಂಗಿ!" ಒಂದ ಕೌದಿಗೆ ಐದ ಮಂದಿ ಹೌದ್ರಿ ಹೌದ್ರಿ ಅಂದ್ರು. ಸುಳ್ಳು ಯಾರೂ ಹೇಳತಿರಲಿಲ್ಲ. ನಮ್ಮಲ್ಲಿ ಕೌದಿ ಹೊಲಿಯೂ ಮುಂದ ಓಣಿ ತುಂಬ ತುಂಡು ಬೇಡತಾರ, ಕೊಡತಾರ. ಹಿಂಗಾಗಿ ಒಬ್ಬಾಕಿ ಸೀರಿ ಹತ್ತ ಮನಿ ಕೌದ್ಯಾಗ ಇರತೈತಿ. ಪಿಎಸ್‌ಐ ತಲಿ ಹಿಡಕೊಂಡು ನಕ್ಕಳು. ಕಡೀಕ ಹೊಲಿಗಿ ಟಾಕಿ ನೋಡಿ, ಅಂಚು ನೋಡಿ, ಒಬ್ಬರಿಗೊಬ್ಬರು ಸಾಕ್ಷಿ ಹೇಳಿ, ಹತ್ತ ಕೌದಿ ಗೊತ್ತಾದ್ವು.

ಉಳದಿದ್ದು ಖಾಲಾಂದು. ಅದನ್ನ ಅಣ್ಣಿಗೇರಿ ಕಡಿ ಒಬ್ಬಾಕಿ ಮುದುಕಿ ಗಟ್ಟಿ ಹಿಡಕೊಂಡು ಕೂತಿದ್ಲು. ಆ ನೀಲಿ ಇಳಕಲ್ ತುಂಡು, ಆ ಕೆಂಪ ಅಂಚು, ಎಲ್ಲಾ ನಂದ ಅಂತ ಅಳತಿದ್ಲು. ಒಂದ ತುದಿ ಅಕಿ ಕೈಯಾಗ, ಒಂದ ತುದಿ ಖಾಲಾನ ಕೈಯಾಗ. ಇಬ್ಬರಿಗೂ ಎಪ್ಪತ್ತರ ಮ್ಯಾಲ, ಇಬ್ಬರ ಕಣ್ಣಾಗೂ ನೀರು. ಯಾರಿಗೆ ಇಲ್ಲ ಅನ್ನೂದು?

ನನಗ ತಟ್ಟನ ಹೊಳೀತು. "ಮೇಡಂ, ಕೌದಿ ಹೊಟ್ಟಿ ಬಿಚ್ಚರಿ. ಒಳಗ ಏನೈತಿ ಅಂತ ಇಬ್ಬರೂ ಮೊದಲ ಹೇಳ್ಲಿ."

ಪಿಎಸ್‌ಐ ಒಪ್ಪಿದ್ಲು. ಅಣ್ಣಿಗೇರಿ ಕಡ್ಯಾಕಿ ಕೂಡ್ಲೆ, "ರೊಟ್ಟಿ ಚೂರ್ರಿ, ಮತ್ತೇನ ಇರತೈತಿ?" ಅಂದ್ಲು. ಖಾಲಾ ನನ್ನ ಕಡೆ ಒಮ್ಮೆ ನೋಡಿದ್ಲು. ಆಮ್ಯಾಲ ಪಿಎಸ್‌ಐ ಕಿವ್ಯಾಗ ಏನೋ ಹೇಳಿದ್ಲು. ನಾ ಕುತ್ತಿಗಿ ಎಷ್ಟ ಉದ್ದ ಮಾಡಿದ್ರೂ ಕೇಳಸಲಿಲ್ಲ. ಇಪ್ಪತ್ತ ವರ್ಷ ಕಾದಾಕಿ, ಆ ಒಂದ ನಿಮಿಷ ತಡಕೊಳ್ಳಾಕ ಆಗಲಿಲ್ಲ ನನಗ.

ಪಿಎಸ್‌ಐ ಬ್ಲೇಡ್ ತಗೊಂಡು ಮೂಲಿ ಹೊಲಿಗಿ ಒಂದೊಂದ ಬಿಚ್ಚಿದ್ಲು. ಒಳಗ ಒಂದ ಅರಬಿ ಗಂಟು. ಗಂಟಿನ್ಯಾಗ ಪಾಟಿ ಮ್ಯಾಲ ಬರೆಯೂ ಬಳಪದ ಚೂರು. ಬೆರಳಿನ ತುದಿ ಅಷ್ಟು, ಒಂದ ಕಡೆ ಸವದಿತ್ತು.

ನನಗ ಮೊದಲ ತಿಳೀಲಿಲ್ಲ. ಆಮ್ಯಾಲ ತಿಳೀತು. ವರ್ಗದಾಗ ಖಾಲಾ ಮೊದಲ ಸಲ ತನ್ನ ಹೆಸರು ತಾನ ಬರದಾಗ, ನಾ ಅಕಿ ಬೆನ್ನ ತಟ್ಟಿ, "ಈ ಬಳಪ ನೀನ ಇಟ್ಟಕೋ," ಅಂದಿದ್ದೆ. ಅಂದು ಮರತೂ ಬಿಟ್ಟಿದ್ದೆ.

"ರೊಟ್ಟಿ ಎಲ್ಲಾರೂ ಇಡತಾರ್ರಿ ಅಕ್ಕೋರ," ಅಂದ್ಲು ಖಾಲಾ, ನೆಲ ನೋಡಕೋತ. "ಹುಟ್ಟೂ ಮೊಮ್ಮಕ್ಕಳು ನನ್ನಂಗ ಹೆಬ್ಬಟ್ಟು ಒತ್ತಬಾರದು ಅಂತ ಇಟ್ಟಿದ್ದೆ."

ನಾ ಅಲ್ಲೇ ಕಟ್ಟಿ ಮ್ಯಾಲ ಕೂತು ಅತ್ತೆ. ನಾಚಿಕಿ ಇಲ್ಲದ, ಎಲ್ಲಾರ ಮುಂದ ಅತ್ತೆ. ಓದಾಕ ಕಲಿಸಿದಾಕಿ ನಾನು, ಓದೂದ ಬ್ಯಾಡ ಅಂದಾಕಿನೂ ನಾನ. ಅಣ್ಣಿಗೇರಿ ಕಡ್ಯಾಕಿ ತನ್ನ ಕೈಯಾಗಿನ ತುದಿ ಬಿಟ್ಟು, "ಒಯ್ಯವ್ವಾ, ನಿಂದ ಐತಿ," ಅಂದ್ಲು. ಅಕಿ ಕೌದಿ ಆಮ್ಯಾಲ ರಾಶಿ ತಳದಾಗ ಸಿಕ್ತು, ಹುಡುಕಿದಾಕಿ ಖಾಲಾನ.

ಕೌದಿ ಆವತ್ತ ಕೈಗೆ ಬರಲಿಲ್ಲ. ಕೋರ್ಟಿನ ಪರವಾನಗಿ ಬರಬೇಕಂತ. ಬಂದಿದ್ದು ತೊಟ್ಟಲಕ್ಕ ಹಾಕೂ ಹಿಂದಿನ ದಿನ. ನಾನೂ ಖಾಲಾನೂ ಮತ್ತ ಠಾಣೆಗೆ ಹೋದ್ವಿ. ಪಿಎಸ್‌ಐ ಕೌದಿ ಟೇಬಲ್ ಮ್ಯಾಲ ಇಟ್ಟು, ಮುಟ್ಟಿತು ಅಂತ ಬರದ ಕಾಗದ ಮುಂದ ಸರಿಸಿ ಪೆನ್ನು ಕೊಟ್ಟಳು. ಹೊರಗ ಟಂಟಂ ಡ್ರೈವರ್ ಹಾರ್ನ್ ಬಾರಸಾಕ ಹತ್ತಿದ್ದ. ಮನ್ಯಾಗ ಬೀಗರು ಬಂದು ಕೂತಿದ್ರು, ಅಡಗಿ ಕೆಲಸ ಹಂಗ ಬಿದ್ದಿತ್ತು.

"ಲಗೂನ ಸಹಿ ಮಾಡ ಖಾಲಾ, ಹೊತ್ತಾತು," ಅಂದೆ. ಅಂದ ಕೂಡ್ಲೆ ನಾಲಿಗಿ ಕಚ್ಚಿಕೊಂಡೆ.

ಖಾಲಾ ಪೆನ್ನು ಬಾಜೂಕ ಇಟ್ಲು. "ತಡೀರಿ ಅಕ್ಕೋರ. ಹೋದ ಸಲ ಓದದ ಹಾಕಿದ್ದೆ."

ಮೊದಲನೇ ಸಾಲಿನ ಕೆಳಗ ಬೆರಳ ಇಟ್ಲು. ದನಿ ತಗದು ಓದಾಕ ಹತ್ತಿದ್ಲು, ವರ್ಗದಾಗ ಓದಿದಂಗ, ಒಂದೊಂದ ಅಕ್ಷರ ಕೂಡಿಸಿ. ಪಿಎಸ್‌ಐ ಕುರ್ಚಿ ಮುಂದ ಎಳಕೊಂಡು ಕೇಳಿದ್ಲು. ನಾ ಕಿಡಕ್ಯಾಗಿಂದ ಡ್ರೈವರಗ ಹಾರ್ನ್ ನಿಲ್ಲಸಾಕ ಕೈ ಮಾಡಿದೆ. ಒಂದ ಕಡೆ ಬೆರಳ ನಿಂತಿತು.

"ಇದ್ಯಾವ ಒತ್ತಕ್ಷರ್ರಿ ಅಕ್ಕೋರ?"

ನಾ ಹೇಳಿದೆ. ಬೆರಳ ಮುಂದ ಹೋತು. ಕಡೀ ಸಾಲು ಮುಗಿಸಿ, ಕಾಗದ ತಿರುವಿ ಹಿಂದನೂ ನೋಡಿದ್ಲು. ಹಿಂದ ಏನೂ ಬರದಿರಲಿಲ್ಲ. ಆಮ್ಯಾಲ ಸಹಿ ಮಾಡಿದ್ಲು.